ಅವ್ವನ ಹಣೆ, ಬಿಳಿ ಮೊಲ

ಪುಣೆಯ ಪಿಂಪ್ರಿಯಿಂದ ಓದುಗರೊಬ್ಬರು ಒಂದು ಶಾಂಪೂ ಬಾಟಲಿಯ ಫೋಟೊ ಕಳಿಸಿದ್ದಾರೆ. ಬಾಟಲಿಯ ಹಿಂಬದಿಯಲ್ಲಿ ಉಗುರಿನಷ್ಟು ಸಣ್ಣ ಮೊಲದ ಚಿತ್ರ. ಜೊತೆಗೊಂದು ಪತ್ರ: ‘ನೀವು ಕೆಮಿಕಲ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೀರಿ ಅಂತ ಹಿಂದೊಮ್ಮೆ ಬರೆದಿದ್ದಿರಿ. ಮೊಲದ ಚಿತ್ರ ಇರುವ ಶಾಂಪೂವಿಗೆ ನಲವತ್ತು ರೂಪಾಯಿ ಜಾಸ್ತಿ. ಮಗಳು ಅದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಮೊಲ ಇಲ್ಲದ್ದನ್ನು ಹಚ್ಚಿಕೊಂಡರೆ ಪಾಪ ಬರುತ್ತದೆಯೇ ಮೇಡಂ?’

ಪಾಪದ ಲೆಕ್ಕ ನನ್ನ ಇಲಾಖೆಯದಲ್ಲ. ನಲವತ್ತು ರೂಪಾಯಿಯ ಲೆಕ್ಕ ಹೇಳಬಲ್ಲೆ, ಆದರೆ ಅದಕ್ಕೂ ಮೊದಲು ನಾನು ಕೈಯಾರೆ ಹಿಡಿದ ಮೊಲಗಳ ವಿಷಯ ಹೇಳಬೇಕಾಗುತ್ತದೆ. ಇಷ್ಟು ವರ್ಷ ಈ ಅಂಕಣದಲ್ಲಿ ಅದನ್ನು ಬರೆದಿಲ್ಲ.

1995ರಲ್ಲಿ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಹೈದರಾಬಾದಿಗೆ ಬಂದೆ. ಒಂದು ಪರೀಕ್ಷಾ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೂರನೆಯ ದಿನವೇ ಸೀನಿಯರ್ ನನ್ನನ್ನು ಪ್ರಾಣಿಗಳ ಕೋಣೆಗೆ ಕರೆದೊಯ್ದರು. ಸಾಲಾಗಿ ಇಟ್ಟ ಪೆಟ್ಟಿಗೆಗಳು. ಪ್ರತಿಯೊಂದರಿಂದಲೂ ಒಂದೊಂದು ಬಿಳಿ ತಲೆ ಮಾತ್ರ ಹೊರಗೆ. ಕೆಂಪು ಕಣ್ಣು, ಉದ್ದ ಕಿವಿ, ಕಿವಿಯ ಒಳಗೆ ನಂಬರು. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ಅಲ್ಲಿ ಆಗುವ ಸಣ್ಣ ಚೀಲದಂಥ ಜಾಗಕ್ಕೆ 0.1 ಮಿಲಿಲೀಟರ್ ದ್ರವ ಹಾಕಬೇಕು. ಎರಡೂ ರೆಪ್ಪೆ ಒಂದು ಸೆಕೆಂಡು ಕೂಡಿಸಿ ಹಿಡಿದು ಬಿಡಬೇಕು. ಇನ್ನೊಂದು ಕಣ್ಣಿಗೆ ಏನೂ ಹಾಕುವಂತಿಲ್ಲ, ಅದು ಹೋಲಿಕೆಗೆ. ಆಮೇಲೆ ಒಂದು ಗಂಟೆಗೆ, 24 ಗಂಟೆಗೆ, 48ಕ್ಕೆ, 72ಕ್ಕೆ ಹೋಗಿ ನೋಡಿ ಅಂಕ ಬರೆಯಬೇಕು. ಕಣ್ಣು ಸರಿಹೋಗದಿದ್ದರೆ 21 ದಿನದವರೆಗೂ ನೋಡುವುದೇ.

ಮೊಲವೇ ಯಾಕೆ ಎಂದು ಕೇಳಿದ್ದೆ. ‘ಸಾಧು ಪ್ರಾಣಿ, ಕಚ್ಚೋದಿಲ್ಲ, ಕಣ್ಣು ದೊಡ್ಡದು’ ಎಂದರು. ಅಷ್ಟೇ ಕಾರಣ. ಅದರ ಕಣ್ಣು ನಮ್ಮ ಕಣ್ಣಿನಂಥದ್ದೇ ಎಂಬುದು ಕಾರಣವಲ್ಲ, ಏಕೆಂದರೆ ಹಾಗಿಲ್ಲ. ಮೊಲಕ್ಕೆ ಮೂರನೆಯ ರೆಪ್ಪೆಯೊಂದಿದೆ. ಅದು ನಮಗಿಂತ ಬಹಳ ಕಡಿಮೆ ಸಲ ಕಣ್ಣು ಮಿಟುಕಿಸುತ್ತದೆ. ನಮಗಾದರೆ ಈರುಳ್ಳಿ ಹೆಚ್ಚಿದರೂ ಕಣ್ಣೀರು ಸುರಿದು ಉರಿಯನ್ನು ತೊಳೆದುಬಿಡುತ್ತದೆ. ಮೊಲಕ್ಕೆ ಅಷ್ಟು ಕಣ್ಣೀರಿಲ್ಲ, ಹಾಕಿದ್ದು ಅಲ್ಲೇ ನಿಲ್ಲುತ್ತದೆ. ಕಣ್ಣಿಗೆ ಮೊದಲೇ ಮರಗಟ್ಟುವ ಹನಿ ಹಾಕಬೇಕು, ನೋವಿನ ಔಷಧ ಕೊಡಬೇಕು ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸೇರಿದ್ದು 2012ರಲ್ಲಿ. ನಾನು ಮೊಲಗಳನ್ನು ಹಿಡಿದಿದ್ದು ಅದಕ್ಕೆ ಎಷ್ಟೋ ಮುಂಚೆ.

ಅಂಕ ಬರೆಯುವುದೂ ಒಂದು ತಮಾಷೆ. ಕಣ್ಣಿನ ಪಾರದರ್ಶಕ ಪದರ ಮಬ್ಬಾದದ್ದಕ್ಕೆ ಇಷ್ಟು, ಕೆಂಪಾದದ್ದಕ್ಕೆ ಇಷ್ಟು, ಬಾತದ್ದಕ್ಕೆ ಇಷ್ಟು, ಎಲ್ಲ ಸೇರಿ ಗರಿಷ್ಠ 110. ಇದನ್ನು ನೋಡಲು ಯಂತ್ರವಿಲ್ಲ, ನಮ್ಮ ಕಣ್ಣೇ. ಒಂದು ಸಲ ಒಂದೇ ಮೊಲಕ್ಕೆ ನಾನು ಎರಡು ಅಂಕ ಬರೆದೆ, ಜೊತೆಯವಳು ಮೂರು ಬರೆದಳು. ಇಬ್ಬರೂ ಚಹಾ ಕುಡಿದು ಬಂದು ಮತ್ತೆ ನೋಡಿ ಎಂದರು ಸೀನಿಯರ್. ಚಹಾ ಕುಡಿದು ಬಂದಾಗ ನಾನು ಮೂರು ಎಂದೆ, ಅವಳು ಎರಡು ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವರ್ಷಗಳಾದ ಮೇಲೆ ಒಂದು ಹಳೆಯ ವರದಿ ಓದಿದೆ. ವೇಲ್ ಮತ್ತು ಸ್ಕಾಲಾ ಎಂಬಿಬ್ಬರು 1971ರಲ್ಲಿ ಪ್ರಕಟಿಸಿದ್ದು. ಇಪ್ಪತ್ತಕ್ಕೂ ಹೆಚ್ಚು ಲ್ಯಾಬುಗಳಿಗೆ ಒಂದೇ ವಸ್ತುಗಳನ್ನು ಕೊಟ್ಟು ಮೊಲದ ಮೇಲೆ ನೋಡಿ ಎಂದಿದ್ದರು. ಒಂದು ಲ್ಯಾಬು ‘ಏನೂ ಆಗುವುದಿಲ್ಲ’ ಎಂದದ್ದನ್ನು ಇನ್ನೊಂದು ‘ತೀವ್ರ’ ಎಂದಿತ್ತು. ನಮ್ಮ ಚಹಾದ ಜಗಳ ನಮ್ಮೊಬ್ಬರದ್ದೇ ಅಲ್ಲ ಎಂದು ಆಗ ತಿಳಿಯಿತು.

ಪರೀಕ್ಷೆ ಮುಗಿದ ಮೇಲೆ ಮೊಲಗಳನ್ನು ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಉಳಿಸುತ್ತಿರಲಿಲ್ಲ. ಊರಿಗೆ ಹೋದಾಗ ಅವ್ವ ‘ಅಲ್ಲಿ ಏನ್ ಕೆಲಸಾ ಮಾಡ್ತಿ?’ ಎಂದರೆ, ‘ಔಷಧದ ಪರೀಕ್ಷಾ’ ಎಂದು ಹೇಳಿ ಎದ್ದುಬಿಡುತ್ತಿದ್ದೆ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಈ ಪರೀಕ್ಷೆ ಹುಟ್ಟಿಸಿದವರು ರಾಕ್ಷಸರಲ್ಲ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ಹೆಸರಿನಲ್ಲಿ ಕಣ್ಣಿನ ರೆಪ್ಪೆಗೂದಲಿಗೆ ಹಚ್ಚುವ ಕಪ್ಪು ಬಣ್ಣ ಮಾರುತ್ತಿದ್ದರು. ಅದರಲ್ಲಿ ಪ್ಯಾರಾ ಫಿನೈಲಿನ್ ಡೈಅಮೀನ್ ಇತ್ತು. ಹಚ್ಚಿಕೊಂಡ ಹೆಂಗಸರ ಕಣ್ಣು ಬಾತು ಹುಣ್ಣಾದವು, ದೃಷ್ಟಿ ಹೋಯಿತು, ಸಾವೂ ಆಯಿತು. ಅದನ್ನು ಅಂಗಡಿಯಿಂದ ತೆಗೆಸಲು ಅಲ್ಲಿನ ಸರ್ಕಾರದ ಕೈಯಲ್ಲಿ ಕಾನೂನೇ ಇರಲಿಲ್ಲ. 1938ರಲ್ಲಿ ಕಾನೂನು ಬಂತು. 1944ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯ ಜಾನ್ ಡ್ರೇಜ್ ಮತ್ತು ಜೊತೆಗಾರರು ಮೊಲದ ಪರೀಕ್ಷೆಯನ್ನು ಪ್ರಕಟಿಸಿದರು. ಹೆಂಗಸರ ಕಣ್ಣು ಹೋದ ಮೇಲೆ ಮೊಲದ ಸರದಿ ಬಂದದ್ದು. (ಅದೇ ಪ್ಯಾರಾ ಫಿನೈಲಿನ್ ಡೈಅಮೀನ್ ಇವತ್ತಿಗೂ ನಮ್ಮ ಕಪ್ಪು ಹೇರ್ ಡೈಗಳಲ್ಲಿದೆ. ಎರಡು ದಿನ ಮೊದಲು ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ನೋಡಿ ಎಂದು ಡಬ್ಬಿಯಲ್ಲಿ ಬರೆದಿರುವುದನ್ನು ದಯವಿಟ್ಟು ಓದಿ. ನಮ್ಮ ಯಜಮಾನರು ಓದುವುದಿಲ್ಲ.)

ಬದಲಾವಣೆಯ ಮಾತು ಶುರುವಾಗಿ ಬಹಳ ಕಾಲವಾಯಿತು. 1959ರಲ್ಲೇ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಪುಸ್ತಕ ಬರೆದು, ಸಾಧ್ಯವಾದಲ್ಲಿ ಪ್ರಾಣಿಯನ್ನು ಕೈಬಿಡಿ, ಆಗದಿದ್ದರೆ ಸಂಖ್ಯೆ ಇಳಿಸಿ, ಅದೂ ಆಗದಿದ್ದರೆ ನೋವನ್ನಾದರೂ ಇಳಿಸಿ ಎಂದರು. ಇಪ್ಪತ್ತು ವರ್ಷ ಅದನ್ನು ಕೇಳಿಸಿಕೊಂಡವರು ಕಡಿಮೆ. 1980ರಲ್ಲಿ ಹೆನ್ರಿ ಸ್ಪೈರಾ ಎಂಬ ನ್ಯೂಯಾರ್ಕಿನ ಶಾಲಾ ಮೇಷ್ಟ್ರು ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಚೆಲುವಿಗಾಗಿ ಎಷ್ಟು ಮೊಲಗಳನ್ನು ಕುರುಡು ಮಾಡುತ್ತೀರಿ ಎಂದು ರೆವ್ಲಾನ್ ಕಂಪನಿಯನ್ನು ಹೆಸರು ಹಿಡಿದೇ ಕೇಳಿದರು. ಕಂಪನಿ ಬದಲಿ ವಿಧಾನ ಹುಡುಕಲು ಏಳೂವರೆ ಲಕ್ಷ ಡಾಲರ್ ಸಂಶೋಧನೆಗೆ ಕೊಟ್ಟಿತು. ನಾಚಿಕೆಗೂ ಒಂದು ಬೆಲೆ ಇರುತ್ತದೆ ನೋಡಿ.

ಈಗ ನಾನು ದಿನವೂ ನೋಡುವ ಬದಲಿ ವಿಧಾನದ ವಿಷಯಕ್ಕೆ ಬರುತ್ತೇನೆ. ಮನುಷ್ಯರ ಚರ್ಮವನ್ನು ಲ್ಯಾಬಿನಲ್ಲಿ ಬೆಳೆಸುತ್ತಾರೆ ಎಂದರೆ ನಮ್ಮ ಮನೆಗೆ ಬಂದ ನೆಂಟರು ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಅಷ್ಟೇನೂ ಭಯಂಕರವಲ್ಲ. ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದಾಗ ಕತ್ತರಿಸಿ ತೆಗೆದ ಚರ್ಮ ಉಳಿಯುತ್ತದೆ, ಅದನ್ನು ಒಪ್ಪಿಗೆ ಪಡೆದು ತರುತ್ತಾರೆ. ಅದರ ಹೊರಪದರದ ಜೀವಕೋಶಗಳನ್ನು ಬಿಡಿಸಿ ಬೆಳೆಸುವ ದಾರಿಯನ್ನು ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿ ತೋರಿಸಿಕೊಟ್ಟರು. ಅವರ ಉದ್ದೇಶ ಶಾಂಪೂ ಅಲ್ಲ. ಮುಂದೆ ಸುಟ್ಟ ಗಾಯದವರಿಗೆ ಅವರದೇ ಚರ್ಮ ಬೆಳೆಸಿ ಹಚ್ಚಲು ಆ ದಾರಿಯೇ ಬಳಕೆಗೆ ಬಂತು.

ಜರಡಿಯಂಥ ತಳವಿರುವ ಪುಟ್ಟ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಈ ಜೀವಕೋಶಗಳನ್ನು ಬಿತ್ತುತ್ತಾರೆ. ಮೊದಲು ಪೋಷಕ ದ್ರವದಲ್ಲಿ ಮುಳುಗಿಸಿಡುತ್ತಾರೆ. ಆಮೇಲೆ ಮೇಲಿನ ದ್ರವ ತೆಗೆದು ಬರೀ ಗಾಳಿಗೆ ಬಿಡುತ್ತಾರೆ. ಆಹಾರ ತಳದಿಂದ ಮಾತ್ರ. ಆಗ ಜೀವಕೋಶಗಳಿಗೆ ತಾವು ಚರ್ಮ ಎಂಬುದು ನೆನಪಾಗುತ್ತದೆ ಅನ್ನಿಸುತ್ತದೆ ನನಗೆ. ಪದರದ ಮೇಲೆ ಪದರ ಕಟ್ಟುತ್ತವೆ, ಮೇಲಿನವು ಒಣಗಿ, ಸತ್ತು, ನಮ್ಮ ಮೈಮೇಲಿರುವಂಥದೇ ನೀರು ಹಿಡಿಯದ ಹೊದಿಕೆಯಾಗುತ್ತವೆ. ಎರಡು ವಾರದ ಹೊತ್ತಿಗೆ ಅಂಗಿಯ ಗುಂಡಿಯಷ್ಟು ಅಗಲದ ಮಸುಕು ಬಿಳಿ ಚರ್ಮ ಸಿದ್ಧ.

ಪರೀಕ್ಷಿಸಬೇಕಾದ ವಸ್ತುವನ್ನು ಈ ಗುಂಡಿಯ ಮೇಲೆ ಹಚ್ಚಿ, ಗೊತ್ತಾದ ಹೊತ್ತಿಗೆ ತೊಳೆದು, 42 ಗಂಟೆ ಬಿಡುತ್ತೇವೆ. ಆಮೇಲೆ ಎಂ.ಟಿ.ಟಿ. ಎಂಬ ಹಳದಿ ದ್ರಾವಣದ ಮೇಲೆ ಮೂರು ಗಂಟೆ ಕೂರಿಸುತ್ತೇವೆ. ಬದುಕಿರುವ ಜೀವಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ನೇರಳೆಯನ್ನು ಕರಗಿಸಿ ತೆಗೆದು ಎಷ್ಟು ಗಾಢವಿದೆ ಎಂದು ಯಂತ್ರಕ್ಕೆ ಕೊಡುತ್ತೇವೆ. ಬರೀ ಉಪ್ಪುನೀರು ಹಚ್ಚಿದ ಗುಂಡಿಗೆ ಹೋಲಿಸಿದರೆ ಅರ್ಧಕ್ಕಿಂತ ಹೆಚ್ಚು ಬದುಕಿದ್ದರೆ ವಸ್ತು ಚರ್ಮಕ್ಕೆ ಉರಿ ತರುವಂಥದ್ದಲ್ಲ. ಅರ್ಧ ಅಥವಾ ಅದಕ್ಕಿಂತ ಕಡಿಮೆಯಾದರೆ ಉರಿ ತರುತ್ತದೆ. ಚಹಾ ಕುಡಿದು ಬಂದರೂ ಸಂಖ್ಯೆ ಅದೇ ಇರುತ್ತದೆ. ಒ.ಇ.ಸಿ.ಡಿ. ಈ ವಿಧಾನಕ್ಕೆ 2010ರಲ್ಲಿ ಮಾರ್ಗಸೂಚಿ ಕೊಟ್ಟಿತು, ಸಂಖ್ಯೆ 439. ನಾವು ಕೊಡುವ ಲ್ಯಾಬ್ ವರದಿಗಳನ್ನು ಆ ಒಕ್ಕೂಟದ ದೇಶಗಳು ಮತ್ತೆ ಪರೀಕ್ಷೆ ಕೇಳದೆ ಒಪ್ಪಿಕೊಳ್ಳುವ ವ್ಯವಸ್ಥೆಗೆ ಭಾರತ 2011ರಲ್ಲಿ ಪೂರ್ಣವಾಗಿ ಸೇರಿದೆ. ಹಾಗಾಗಿ ಇದು ಬರೀ ಪ್ರಬಂಧದ ಮಾತಲ್ಲ, ಇವತ್ತು ಹೈದರಾಬಾದಿನಲ್ಲಿ ನಡೆಯುತ್ತಿರುವ ಕೆಲಸ.

ಸಂಕಟಗಳೂ ಇವೆ. ಸಿದ್ಧ ಚರ್ಮದ ಕಿಟ್ ಹೊರದೇಶದಿಂದ ತಂಪುಪೆಟ್ಟಿಗೆಯಲ್ಲಿ ಬರಬೇಕು, ಬಂದ ಮೇಲೆ ಅದರ ಆಯುಸ್ಸು ಕೆಲವೇ ದಿನ. ಒಂದು ಸಲ ಪೆಟ್ಟಿಗೆ ದಾರಿಯಲ್ಲೆಲ್ಲೋ ನಾಲ್ಕು ದಿನ ನಿಂತುಹೋಯಿತು. ತೆರೆದಾಗ ಇಪ್ಪತ್ತನಾಲ್ಕು ಬಟ್ಟಲೂ ಸತ್ತಿದ್ದವು. ಮೊಲವಾಗಿದ್ದರೆ ಗೂಡಿನಲ್ಲಿ ಹುಲ್ಲು ತಿನ್ನುತ್ತ ಕಾಯುತ್ತಿತ್ತು ಎಂದು ಲೆಕ್ಕಪತ್ರದವರು ಹೇಳಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಬಣ್ಣದ ವಸ್ತುಗಳದ್ದು ಇನ್ನೊಂದು ರಗಳೆ. ಕುಂಕುಮ ಹಚ್ಚಿ ನೋಡಿ, ಚರ್ಮವೇ ಕೆಂಪಾಗಿ ಕೂರುತ್ತದೆ, ನೇರಳೆ ಎಷ್ಟು ಕೆಂಪು ಎಷ್ಟು ಎಂದು ಬೇರ್ಪಡಿಸಲು ಪ್ರತ್ಯೇಕ ಸರ್ಕಸ್ಸು ಮಾಡಬೇಕು.

ಕಣ್ಣಿಗೂ ಬದಲಿ ದಾರಿಗಳಿವೆ. ಅದರಲ್ಲೊಂದು ಕೋಳಿಯ ತಲೆಯದ್ದು. ಬೆಳಗಿನ ಜಾವ ನಮ್ಮ ವ್ಯಾನು ಕೋಳಿ ಕಡಿಯುವ ಘಟಕಕ್ಕೆ ಹೋಗುತ್ತದೆ. ಹೇಗೂ ಬಿಸಾಡುವ ತಲೆಗಳನ್ನು ಒದ್ದೆ ಪೆಟ್ಟಿಗೆಯಲ್ಲಿಟ್ಟು ಎರಡು ಗಂಟೆಯೊಳಗೆ ಲ್ಯಾಬಿಗೆ ತರಬೇಕು. ಕಣ್ಣು ಬಿಡಿಸಿ, ಅದರ ಮೇಲೆ 30 ಮೈಕ್ರೋಲೀಟರ್ ವಸ್ತುವನ್ನು ಹತ್ತೇ ಸೆಕೆಂಡು ಬಿಟ್ಟು ತೊಳೆದು, ನಾಲ್ಕು ಗಂಟೆಯವರೆಗೆ ಅದು ಎಷ್ಟು ಬಾತಿತು, ಎಷ್ಟು ಮಬ್ಬಾಯಿತು ಎಂದು ಅಳೆಯುತ್ತೇವೆ. ನಮ್ಮ ತಂಡದಲ್ಲಿ ಉಡುಪಿ ಕಡೆಯ ಹುಡುಗನೊಬ್ಬನಿದ್ದಾನೆ, ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ಬಿಡದವರು. ಈ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ಅವನೇ. ‘ಮೇಡಂ, ಇದು ಸತ್ತ ಮೇಲೆ ನಮ್ಮ ಹತ್ರ ಬಂತು. ನಿಮ್ಮ ಮೊಲ ನಮ್ಮ ಹತ್ರ ಬಂದ ಮೇಲೆ ಸಾಯ್ತಿತ್ತು’ ಎನ್ನುತ್ತಾನೆ.

ಆದರೆ ‘ಪ್ರಾಣಿರಹಿತ’ ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ, ಕಾರಣ ನಮ್ಮ ಫ್ರಿಜ್ಜಿನಲ್ಲೇ ಇದೆ. ಹಲವು ಬಗೆಯ ಜೀವಕೋಶಗಳನ್ನು ಬೆಳೆಸುವ ಪೋಷಕ ದ್ರವಕ್ಕೆ ಕರುವಿನ ಸೀರಂ ಹಾಕುತ್ತಾರೆ. ಕರು ಎಂದರೆ ಹುಟ್ಟಿದ ಕರುವಲ್ಲ. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯಲ್ಲಿ ಸಿಕ್ಕ ಕರುವಿನ ರಕ್ತದಿಂದ ತೆಗೆದದ್ದು. ಅದಿಲ್ಲದೆ ಬೆಳೆಸುವ ದ್ರವಗಳೂ ಬಂದಿವೆ, ನಾವು ಒಂದೊಂದಾಗಿ ಬದಲಿಸುತ್ತಿದ್ದೇವೆ. ಇನ್ನೂ ಎಲ್ಲವನ್ನೂ ಬದಲಿಸಿಲ್ಲ.

ಅಲರ್ಜಿಯ ಪರೀಕ್ಷೆ ಬೇರೆ. ಉರಿ ಎಂದರೆ ಹಚ್ಚಿದ ಕೂಡಲೇ ಆಗುವ ಗಾಯ. ಅಲರ್ಜಿಯಲ್ಲಿ ಮೈ ಆ ವಸ್ತುವನ್ನು ಗುರುತಿಟ್ಟುಕೊಂಡು ಮುಂದಿನ ಸಲ ಬಂದಾಗ ತಿರುಗಿ ಬೀಳುತ್ತದೆ. ಇದಕ್ಕೆ ಮೊದಲು ಗಿನಿಪಿಗ್, ಆಮೇಲೆ ಇಲಿ. ಈಗ ಆ ಸಿಟ್ಟು ಹುಟ್ಟುವ ದಾರಿಯನ್ನೇ ತುಂಡು ಮಾಡಿ ನೋಡುತ್ತಾರೆ. ವಸ್ತು ಪ್ರೋಟೀನಿಗೆ ಅಂಟಿಕೊಳ್ಳುತ್ತದೆಯೇ, ಚರ್ಮದ ಜೀವಕೋಶ ಗಾಬರಿಯಾಗುತ್ತದೆಯೇ, ಕಾವಲು ಕಾಯುವ ರಕ್ಷಣಾ ಕೋಶ ಎಚ್ಚರವಾಗುತ್ತದೆಯೇ ಎಂದು ಮೂರು ಬೇರೆ ಬೇರೆ ಪರೀಕ್ಷೆ. ಮೂರರಲ್ಲಿ ಎರಡು ಒಂದೇ ಉತ್ತರ ಕೊಟ್ಟರೆ ಅದೇ ತೀರ್ಪು. ಪಂಚಾಯ್ತಿ ಕಟ್ಟೆಯ ನ್ಯಾಯದಂತೆಯೇ. ಒ.ಇ.ಸಿ.ಡಿ. ಇದನ್ನು 2021ರಲ್ಲಿ ಒಪ್ಪಿತು.

ಇಷ್ಟೆಲ್ಲ ಹೇಳಿದೆ. ಆದರೆ ನನ್ನನ್ನು ಈ ಕೆಲಸದಲ್ಲಿ ಹಿಡಿದಿಟ್ಟದ್ದು ಮೊಲವಲ್ಲ, ನಮ್ಮವ್ವನ ಹಣೆ.

ಅವ್ವ ಮೊದಲು ಮೇಣದ ಮೇಲೆ ಕುಂಕುಮ ಇಡುತ್ತಿದ್ದಳು. ಸ್ಟಿಕರ್ ಟಿಕಳಿ ಬಂದ ಮೇಲೆ ಬ್ಯಾಡಗಿ ಸಂತೆಯಲ್ಲಿ ಒಂದು ಹಾಳೆ ಕೊಂಡರೆ ತಿಂಗಳು ನಡೆಯುತ್ತಿತ್ತು. ಬೆವರಿಗೆ ಅಳಿಸುವುದಿಲ್ಲ, ಮೆಣಸಿನಕಾಯಿ ಬಿಡಿಸುವಾಗ ಕೈ ತಾಗಿದರೂ ಕೆಡುವುದಿಲ್ಲ. ರಾತ್ರಿ ತೆಗೆದು ಕನ್ನಡಿಗೆ ಅಂಟಿಸಿ, ಬೆಳಗ್ಗೆ ಅದನ್ನೇ ತೆಗೆದು ಹಣೆಗೆ. ಮೂರ್ನಾಲ್ಕು ವರ್ಷವಾದ ಮೇಲೆ ಟಿಕಳಿ ತೆಗೆದರೆ ಅದರ ಕೆಳಗೆ ಅಷ್ಟೇ ಅಗಲದ ಬಿಳಿ ಚುಕ್ಕೆ. ಅದನ್ನು ಮುಚ್ಚಲು ಇನ್ನೂ ದೊಡ್ಡ ಟಿಕಳಿ ಹಚ್ಚಿದಳು. ಚುಕ್ಕೆಯೂ ದೊಡ್ಡದಾಯಿತು.

ಅದೇ ವರ್ಷ ತಂಗಿಗೆ ಗಂಡು ಗೊತ್ತಾಗಿತ್ತು. ನಿಶ್ಚಯದ ದಿನ ಬೀಗರ ಕಡೆಯ ಅಜ್ಜಿಯೊಬ್ಬಳು ಅವ್ವನ ಹಣೆಯನ್ನೇ ನೋಡುತ್ತ ಕೂತಿದ್ದಳು. ‘ಏನವಾ ಇದು, ತೊನ್ನೇನು?’ ಎಂದಳು. ಅವ್ವ ಸೆರಗು ಎಳೆದುಕೊಂಡಳು. ಎಂಟು ದಿನಕ್ಕೆ ಅವರ ಕಡೆಯಿಂದ ಮಾತು ನಿಂತಿತು. ತಂಗಿಗೆ ಮುಂದೆ ಒಳ್ಳೆಯ ಕಡೆಯೇ ಮದುವೆಯಾಯಿತು, ಅದು ಬೇರೆ. ಆದರೆ ಅವ್ವ ಆಮೇಲೆ ಯಾರ ಮದುವೆಯಲ್ಲೂ ಮುಂದಿನ ಸಾಲಿನಲ್ಲಿ ಕೂರಲಿಲ್ಲ.

ಹುಬ್ಬಳ್ಳಿಯ ಚರ್ಮವೈದ್ಯರೊಬ್ಬರು ನೋಡಿದ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ: ‘ಟಿಕಳಿ ಎಷ್ಟು ವರ್ಷದಿಂದ ಹಚ್ಚತೀರಿ?’ ಇದು ತೊನ್ನಲ್ಲ, ಅಂಟಿನ ಕೆಲಸ ಎಂದು ಅವರೇ ಹೇಳಿದರು. ಕೆಲವು ಟಿಕಳಿಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶದೊಳಗೆ ಬಣ್ಣ ತಯಾರಿಸುವ ಟೈರೊಸಿನೇಸ್ ಎಂಬ ಕಿಣ್ವವಿದೆ. ಅದು ಈ ಫೀನಾಲನ್ನು ತನ್ನ ಎಂದಿನ ಕಚ್ಚಾಮಾಲೆಂದೇ ತಿಳಿದು ಕೆಲಸ ಶುರುಮಾಡುತ್ತದೆ. ಹೊರಬರುವುದು ಬಣ್ಣವಲ್ಲ, ವಿಷ. ಆ ಜೀವಕೋಶ ತನ್ನ ಕೈಯಿಂದಲೇ ತಾನು ಸಾಯುತ್ತದೆ. ಟಿಕಳಿ ಬಿಟ್ಟರೆ ಕೆಲವರಿಗೆ ಬಣ್ಣ ಮರಳುತ್ತದೆ. ಅವ್ವನಿಗೆ ಅಂಚಿನಲ್ಲಿ ಸ್ವಲ್ಪ ಮರಳಿತು, ನಡುವೆ ಇಲ್ಲ.

ಆ ಟಿಕಳಿಯನ್ನು ಯಾರೂ ಯಾವ ಮೊಲದ ಮೇಲೂ ಪರೀಕ್ಷಿಸಿರಲಿಲ್ಲ ಎಂದೇ ನನ್ನ ಅಂದಾಜು. ಆದರೂ ಒಂದು ರಾತ್ರಿ ಲ್ಯಾಬಿನಲ್ಲಿ ಕೂತಿದ್ದಾಗ, ಪರೀಕ್ಷಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಮೈ ಜುಂ ಎಂದಿತು. ನಾವು ಬಳಸುತ್ತಿದ್ದದ್ದು ಅಲ್ಬಿನೊ ಮೊಲ. ಅದು ಬೆಳ್ಳಗಿರುವುದೇ ಅದರ ಮೈಯಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲವೆಂದು. ಕಿಣ್ವವಿಲ್ಲದಿದ್ದರೆ ಈ ವಿಷ ತಯಾರಾಗುವುದಿಲ್ಲ. ಬಣ್ಣವೇ ಇಲ್ಲದ ಚರ್ಮದಲ್ಲಿ ಬಿಳಿ ಚುಕ್ಕೆ ಕಾಣುವುದೂ ಇಲ್ಲ. ಕೆಂಪು ಚೆನ್ನಾಗಿ ಕಾಣಲಿ ಎಂದು ಆರಿಸಿದ ಬಿಳಿ ಪ್ರಾಣಿ ಅವ್ವನ ಹಣೆಯ ವಿಷಯದಲ್ಲಿ ಹುಟ್ಟುಕುರುಡು. ನೂರು ಮೊಲ ಕೊಂದಿದ್ದರೂ ವರದಿಯಲ್ಲಿ ‘ತೊಂದರೆ ಇಲ್ಲ’ ಎಂದೇ ಬರುತ್ತಿತ್ತು.

ನಮ್ಮ ಗುಂಡಿಯಗಲದ ಚರ್ಮವನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ಮಾಮೂಲಿ ಕಿಟ್ಟಿನ ಚರ್ಮದಲ್ಲೂ ಬಣ್ಣದ ಜೀವಕೋಶ ಇರುವುದಿಲ್ಲ, ಹೊರಪದರದ ಕೋಶಗಳು ಮಾತ್ರ. ಅದೂ ‘ತೊಂದರೆ ಇಲ್ಲ’ ಎಂದೇ ಹೇಳಬಹುದು. ಬಣ್ಣದ ಕೋಶ ಸೇರಿಸಿ ಬೆಳೆಸಿದ ಚರ್ಮವೂ ಸಿಗುತ್ತದೆ, ಆದರೆ ಅದನ್ನು ಬಳಸಬೇಕೆಂದು ಯಾರಿಗಾದರೂ ಹೊಳೆಯಬೇಕು. ಹೊಳೆಯದಿದ್ದರೆ ಏನಾಗುತ್ತದೆ ಎಂದು ಜಪಾನ್ ನೋಡಿದೆ. ರೊಡೊಡೆನಾಲ್ ಎಂಬ, ಚರ್ಮವನ್ನು ತಿಳಿಯಾಗಿಸುವ ವಸ್ತುವಿಗೆ ಅಲ್ಲಿ 2008ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಕನೆಬೊ ಕಂಪನಿಯ ಕ್ರೀಮುಗಳಲ್ಲಿ ಅದಿತ್ತು. 2013ರ ಜುಲೈನಲ್ಲಿ ಕಂಪನಿ ಅವನ್ನೆಲ್ಲ ಮಾರುಕಟ್ಟೆಯಿಂದ ವಾಪಸ್ ತರಿಸಿಕೊಳ್ಳಬೇಕಾಯಿತು. ಮುಖ, ಕತ್ತು, ಕೈಗಳಲ್ಲಿ ಬಿಳಿ ಮಚ್ಚೆ ಬಂದವರು 18 ಸಾವಿರಕ್ಕೂ ಹೆಚ್ಚು. ಅದೇ ಕಿಣ್ವ, ಅದೇ ತಪ್ಪು ತಿಳಿವಳಿಕೆ, ಅದೇ ವಿಷ. ಜಪಾನಿನ ಸುದ್ದಿ ಓದಿದ ದಿನ ಅವ್ವನಿಗೆ ಫೋನು ಮಾಡಿ ಹೇಳಿದೆ. ‘ಅವರ ಮಕ್ಕಳ ಮದುವಿ ಎಲ್ಲಾ ಆಗ್ಯಾವೇನ?’ ಎಂದು ಕೇಳಿದಳು.

ಇನ್ನು ಪಿಂಪ್ರಿಯ ಓದುಗರ ನಲವತ್ತು ರೂಪಾಯಿ. ಭಾರತದಲ್ಲಿ ಸೌಂದರ್ಯ ಸಾಧನಗಳ ಮಾನದಂಡದಿಂದ ಪ್ರಾಣಿ ಪರೀಕ್ಷೆಗಳನ್ನು 2013ರಲ್ಲಿ ತೆಗೆದುಹಾಕಿದರು. 2014ರ ಮೇ ತಿಂಗಳಲ್ಲಿ ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೇ ನಿಷೇಧಿಸಿದರು. ಹಾಗೆ ಪರೀಕ್ಷಿಸಿದ್ದನ್ನು ಹೊರಗಿನಿಂದ ತರಿಸುವುದಕ್ಕೂ ಅದೇ ವರ್ಷದ ನವೆಂಬರಿನಿಂದ ನಿಷೇಧವಿದೆ. ದಕ್ಷಿಣ ಏಷ್ಯಾದಲ್ಲಿ ಈ ಕೆಲಸ ಮಾಡಿದ ಮೊದಲ ದೇಶ ನಮ್ಮದು. ಯುರೋಪಿನಲ್ಲಿ ಮಾರಾಟದ ಪೂರ್ಣ ನಿಷೇಧ ಜಾರಿಯಾದದ್ದು 2013ರ ಮಾರ್ಚಿನಲ್ಲಿ, ಹಾಗಾಗಿ ನಾವು ತೀರಾ ಹಿಂದೆಯೂ ಬೀಳಲಿಲ್ಲ. ಅಂದರೆ ನಿಮ್ಮ ಅಂಗಡಿಯಲ್ಲಿರುವ ಮೊಲವಿಲ್ಲದ ಶಾಂಪೂವನ್ನೂ ಕಾನೂನಿನ ಪ್ರಕಾರ ಮೊಲದ ಮೇಲೆ ಪರೀಕ್ಷಿಸುವಂತಿಲ್ಲ. ಒಳಗಿನ ಒಂದೊಂದು ರಾಸಾಯನಿಕವನ್ನೂ ಕಂಪನಿ ಎಲ್ಲಿಂದ, ಹೇಗೆ ತರಿಸುತ್ತದೆ ಎಂಬುದನ್ನು ಕೆಲವು ಸಂಸ್ಥೆಗಳು ತಪಾಸಣೆ ಮಾಡಿ ಮೊಲದ ಗುರುತು ಕೊಡುತ್ತವೆ, ಅದಕ್ಕೆ ಬೆಲೆಯಿದೆ. ಕಂಪನಿ ತಾನೇ ಬರೆದುಕೊಂಡ ಮೊಲಕ್ಕೆ ಅದೂ ಇಲ್ಲ. ಫೋಟೊದಲ್ಲಿರುವುದು ಎರಡನೆಯ ಜಾತಿಯದ್ದು. ಮಗಳಿಗೆ ಬೈಯಬೇಡಿ, ಅವಳ ಮನಸ್ಸು ಒಳ್ಳೆಯದೇ.

ಮೊಲಗಳು ಉಳಿದಿರುವುದು ಶಾಂಪೂವಿನಲ್ಲಲ್ಲ. ಕೀಟನಾಶಕಗಳಲ್ಲಿ, ಔಷಧಗಳಲ್ಲಿ, ಕಾರ್ಖಾನೆಯ ರಾಸಾಯನಿಕಗಳಲ್ಲಿ. ಹೊಸ ಔಷಧಗಳ ನಿಯಮಕ್ಕೆ 2023ರಲ್ಲಿ ತಿದ್ದುಪಡಿಯಾಗಿ ಪ್ರಾಣಿಯಿಲ್ಲದ ವಿಧಾನಗಳಿಗೂ ಬಾಗಿಲು ತೆರೆದಿದೆ. ಗರ್ಭದ ಮೇಲಿನ ಪರಿಣಾಮ, ವರ್ಷಗಟ್ಟಲೆ ಒಳಹೋದರೆ ಯಕೃತ್ತಿಗೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಗುಂಡಿಯಗಲದ ಚರ್ಮ ಉತ್ತರ ಕೊಡಲಾರದು. ಅಲ್ಲಿ ಪ್ರಾಣಿ ಬೇಡವೇ ಬೇಡ ಎಂದು ಇವತ್ತು ಹೇಳುವವರು ಲ್ಯಾಬಿನೊಳಗೆ ಬಂದಿಲ್ಲ ಎಂದುಕೊಳ್ಳುತ್ತೇನೆ.

ನಮ್ಮೂರಲ್ಲಿ ಕೀಟನಾಶಕ ಸಿಂಪಡಿಸುವುದಕ್ಕೆ ಎಣ್ಣಿ ಹೊಡಿಯೋದು ಅನ್ನುತ್ತಾರೆ. ತಮ್ಮ ಹತ್ತಿಗೂ ಮೆಣಸಿನಕಾಯಿಗೂ ಎಣ್ಣಿ ಹೊಡೆಯುತ್ತಾನೆ. ಬಾಟಲಿಯ ಮೇಲೆ ಬಣ್ಣದ ಗುರುತು ನೋಡಿರುತ್ತೀರಿ. ಕೆಂಪು, ಹಳದಿ, ನೀಲಿ, ಹಸಿರು. ಆ ಬಣ್ಣ ತೀರ್ಮಾನವಾಗುವುದು ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಪ್ರಮಾಣದಿಂದ. ದೇಹತೂಕದ ಕಿಲೋಗೆ 50 ಮಿಲಿಗ್ರಾಂವರೆಗೆ ಹೊಟ್ಟೆಗೆ ಹೋದರೇ ಸಾಯುವುದಾದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದರ ಮೇಲೆ ಹಸಿರು. ಈ ಲೆಕ್ಕವನ್ನು ಟ್ರೆವನ್ ಎಂಬವರು 1927ರಲ್ಲಿ ತಂದರು. ರಾಶಿ ಇಲಿ ಬೇಡುತ್ತಿದ್ದ ಹಳೆಯ ವಿಧಾನವನ್ನು ಒ.ಇ.ಸಿ.ಡಿ. 2002ರಲ್ಲಿ ಕೈಬಿಟ್ಟು, ಕೆಲವೇ ಇಲಿಗಳಲ್ಲಿ ಮುಗಿಯುವ ವಿಧಾನಗಳನ್ನು ಇಟ್ಟುಕೊಂಡಿದೆ. ಹೋದ ದೀಪಾವಳಿಗೆ ತಮ್ಮನ ಹೊಲಕ್ಕೆ ಹೋಗಿದ್ದೆ. ಹಳದಿ ಗುರುತಿನ ಬಾಟಲಿ, ಬರಿಗೈ, ಬರಿಗಾಲು, ಬಾಯಿಗೊಂದು ಟವೆಲು. ಬಣ್ಣದ ಅರ್ಥ ಬಿಡಿಸಿ ಹೇಳಿದೆ. ‘ಅಕ್ಕಾ, ಇಲಿ ಸತ್ತು ನನಗ ಹೇಳ್ಯಾವು. ಕೈಚೀಲ ಮಾತ್ರ ಬಾಟ್ಲಿ ಜೋಡಿ ಯಾರೂ ಕೊಡಂಗಿಲ್ಲ’ ಎಂದ.

ನಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯಲ್ಲಿ ಈಗ ನಾನೂ ಒಬ್ಬಳು. ಪ್ರಾಣಿ ಬಳಸುವ ಪ್ರತಿಯೊಂದು ಪ್ರಯೋಗವೂ ಇಂಥ ಸಮಿತಿಯ ಮುಂದೆ ಬರಬೇಕೆಂಬುದು 1998ರ ನಿಯಮಗಳಿಂದ ಬಂದ ಪದ್ಧತಿ. ಎರಡು ತಿಂಗಳ ಹಿಂದೆ ಒಂದು ಅರ್ಜಿ ಬಂತು. ಕೀಟನಾಶಕ ಎಲೆಗೆ ಅಂಟಿ ನಿಲ್ಲಲು ಬೆರೆಸುವ ದ್ರವ, ಚರ್ಮದ ಪರೀಕ್ಷೆಗೆ ಮೂರು ಮೊಲ ಬೇಕು. ಹೊರದೇಶವೊಂದರ ಅಧಿಕಾರಿಗಳು ಮೊಲದ ವರದಿಯನ್ನೇ ಕೇಳುತ್ತಾರೆ ಎಂಬ ಕಾರಣ. ಮೊಲದ ಮಾರ್ಗಸೂಚಿಯೇ ಮೊದಲು ಬೇರೆ ಮಾಹಿತಿ ಎಲ್ಲ ನೋಡಿ ಎನ್ನುತ್ತದೆ, ನಮ್ಮಲ್ಲೇ ಬಟ್ಟಲಿನ ಪರೀಕ್ಷೆ ಇದೆ, ಅದನ್ನು ಮಾಡಿ ಬನ್ನಿ ಎಂದು ಬರೆದು ವಾಪಸ್ ಕಳಿಸಿದೆ. ಮಾರ್ಕೆಟಿಂಗಿನವರು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಬಟ್ಟಲಿನಲ್ಲಿ ಬದುಕಿ ಉಳಿದದ್ದು ನೂರಕ್ಕೆ ಹನ್ನೆರಡು. ಉರಿ ತರುತ್ತದೆ ಎಂಬುದಕ್ಕೆ ಇನ್ನೇನು ಬೇಕು? ಚರ್ಮವನ್ನು ಸುಟ್ಟು ತೂತು ಮಾಡುತ್ತದೆಯೇ ಎಂಬ ಮುಂದಿನ ಪರೀಕ್ಷೆಯೂ ಬಟ್ಟಲಿನಲ್ಲೇ ಆಯಿತು. ಮೂರು ಮೊಲಗಳ ಕಾಗದ ಕಡತದಲ್ಲೇ ಇದೆ. ಆ ದ್ರವದ ಡಬ್ಬಿಯ ಮೇಲೆ ಕೈಚೀಲ ಹಾಕಿಕೊಳ್ಳಿ ಎಂಬ ಸಾಲು ದಪ್ಪಕ್ಷರದಲ್ಲಿ ಬರಬೇಕು ಎಂದೂ ಬರೆದಿದ್ದೇನೆ, ತಮ್ಮನ ನೆನಪಿಗೆ.

ಅವ್ವನಿಗೆ ಈಗ ಎಂಬತ್ತರ ಹತ್ತಿರ. ಹೋದ ಸಲ ಹೈದರಾಬಾದಿಗೆ ಬಂದಾಗ ಲ್ಯಾಬಿಗೆ ಕರೆದೊಯ್ದು ಗಾಜಿನ ಆಚೆಯಿಂದ ಬಟ್ಟಲು ತೋರಿಸಿದೆ. ಮೊಲದ ವಿಷಯವನ್ನೂ ಆಗಲೇ ಮೊದಲ ಬಾರಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಷ್ಟಿದ್ದುವು?’ ಎಂದಳು. ಎಣಿಸಿಟ್ಟಿಲ್ಲ ಎಂದೆ. ‘ಎಣಸಬೇಕಿತ್ತು’ ಎಂದಳು.

ಓದುಗರಲ್ಲಿ ಒಂದು ಕೆಲಸ ಕೇಳುತ್ತೇನೆ. ಮನೆಯಲ್ಲಿ ಸ್ಟಿಕರ್ ಟಿಕಳಿಯ ಪ್ಯಾಕೆಟ್ ಇದ್ದರೆ ತಿರುಗಿಸಿ ನೋಡಿ. ಅಂಟಿನಲ್ಲಿ ಏನಿದೆ ಎಂದು ಬರೆದಿದ್ದರೆ ಫೋಟೊ ತೆಗೆದು ಸಂಪಾದಕರ ವಿಳಾಸಕ್ಕೆ ಕಳಿಸಿ. ಮುಂಬೈ, ಚೆನ್ನೈ, ದೆಹಲಿ ಎಲ್ಲಿಯದಾದರೂ ಸರಿ. ಕಾಚಿಗುಡ, ಸಿಕಂದರಾಬಾದಿನ ಅಂಗಡಿಗಳಲ್ಲಿ ನಾನು ಈವರೆಗೆ ಹನ್ನೊಂದು ಪ್ಯಾಕೆಟ್ ನೋಡಿದ್ದೇನೆ. ಎರಡರ ಮೇಲೆ ಮೊಲದ ಚಿತ್ರವಿತ್ತು. ಅಂಟಿನ ಹೆಸರು ಒಂದರ ಮೇಲೂ ಇರಲಿಲ್ಲ.